ಚಂದ್ರಾಮ ಮೇಸ್ತ್ರಿಗೆ ಮಾತು ಕಲಿಸಿದ ನನ್ನವ್ವ

ನಮ್ಮ ಸಭೆಯಲ್ಲಿ ನನ್ನವ್ವನ ಬಗ್ಗೆ ಯಾರನ್ನಾದರೂ ಕೇಳಿ ನೋಡಿ. ಗದಿಗೆಮ್ಮ ದೇವರಂಥ ಹೆಂಗಸು, ವೈರಿಗೂ ಮಾತು ಕಲಿಸಿದವಳು ಎನ್ನುತ್ತಾರೆ. ಹೀಗೆ ಹೊಗಳುವವರಲ್ಲಿ ಅರ್ಧದಷ್ಟು ಜನ, ಹನ್ನೆರಡು ವರ್ಷಗಳ ಹಿಂದೆ ನನ್ನ ಅಪ್ಪನ ಶವಪೆಟ್ಟಿಗೆಯನ್ನು ಚರ್ಚಿನ ಗೇಟಿನ ಹೊರಗೆ ಇಡಿಸಿದವರು. ಅವರ ಬಾಯಿಂದ ಈ ಕತೆ ಹರಡುವುದು ನನಗೆ ಬೇಕಿಲ್ಲ, ಅದಕ್ಕೇ ನಾನೇ ಬರೆಯಲು ಕುಳಿತಿದ್ದೇನೆ. ಅವ್ವ ಚಂದ್ರಾಮ ಮೇಸ್ತ್ರಿಗೆ ಮಾತು ಕಲಿಸಲು ಹೋದದ್ದು ಕರುಣೆಯಿಂದಲ್ಲ, ಸೇಡಿನಿಂದ. ಅವಳನ್ನು ಹೊತ್ತು ಮೆರೆಸುವವರಿಗೆ ಮೊದಲು ಇದು ಗೊತ್ತಿರಲಿ.

ನಾವು ಯಾದಗಿರಿ ಕಡೆಯವರು. ಮುತ್ತಜ್ಜನ ಕಾಲದಲ್ಲೇ ಕ್ರೈಸ್ತರಾದರೂ ಹೆಸರುಗಳು ಊರಿನವೇ ಉಳಿದಿವೆ. ಅಪ್ಪ ತಾಯಪ್ಪ, ಅವ್ವ ಗದಿಗೆಮ್ಮ, ನಾನು ಸಪ್ನಾ. ನಾನು ಮೂರು ವರ್ಷದವಳಿದ್ದಾಗ ಅಪ್ಪ ಅವ್ವ ನನ್ನನ್ನು ಎತ್ತಿಕೊಂಡು ಹೈದರಾಬಾದಿಗೆ ಬಂದರು. ಮಿಯಾಪುರದ ಸುತ್ತ ಆಗ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಪ್ಪನಿಗೆ ಸೆಂಟ್ರಿಂಗ್ ಕೆಲಸ ಸಿಕ್ಕಿತು, ಅಂದರೆ ಸ್ಲ್ಯಾಬ್ ಹಾಕುವ ಮೊದಲು ಅದರ ಕೆಳಗೆ ಹಲಗೆ, ಕಂಬ ನಿಲ್ಲಿಸುವ ಕೆಲಸ. ಕೆಲಸ ಕೊಡಿಸಿದವನು ಚಂದ್ರಾಮ. ನಮ್ಮ ಕಡೆಯವನೇ, ಕೂಲಿಗಳ ಮೇಸ್ತ್ರಿ, ಮೇಲಾಗಿ ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ. ಸಭೆ ಅಂದರೆ ನೂರೈವತ್ತು ಜನ ಕನ್ನಡದವರು. ನಮಗೆ ಸ್ವಂತ ಚರ್ಚಿಲ್ಲ. ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ಮಧ್ಯಾಹ್ನ ಎರಡಕ್ಕೆ ನಮ್ಮದು ಶುರುವಾಗುತ್ತದೆ.

ಅಪ್ಪ ಸತ್ತದ್ದು ಮೇ ತಿಂಗಳ ಒಂದು ಶನಿವಾರ, ಐದನೆಯ ಮಹಡಿಯಿಂದ ಬಿದ್ದು. ಸೊಂಟಕ್ಕೆ ಕಟ್ಟುವ ಸೇಫ್ಟಿ ಬೆಲ್ಟ್ ಇರಲಿಲ್ಲ, ಅವತ್ತು ಯಾರಿಗೂ ಬೆಲ್ಟ್ ಕೊಟ್ಟಿರಲಿಲ್ಲ. ಕಾಲಿಟ್ಟ ಹಲಗೆ ಲಡ್ಡಾಗಿ ಒಳಗೇ ಕೊಳೆತಿತ್ತು ಎಂದು ಜೊತೆಗಿದ್ದ ಕೂಲಿಗಳು ಮೊದಲ ದಿನ ಹೇಳಿದರು, ಎರಡನೆಯ ದಿನ ಯಾರೂ ಹೇಳಲಿಲ್ಲ. ಬಿದ್ದವನ ಹತ್ತಿರ ಮೊದಲು ಓಡಿದವನು ಕೆಳಗೇ ನಿಂತಿದ್ದ ಚಂದ್ರಾಮ. ಉಳಿದವರು ಮೇಲಿನಿಂದ ಇಳಿದು ಬರುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ಪೊಲೀಸರಿಗೂ ಕಟ್ಟಡದ ಮಾಲೀಕರಿಗೂ ಚಂದ್ರಾಮ ಒಂದೇ ಮಾತು ಹೇಳಿ ಮುಗಿಸಿದ. ತಾಯಪ್ಪ ಕುಡಿದು ಮೇಲೇರಿದ್ದ, ಅದಕ್ಕೇ ಬಿದ್ದ ಎಂದ. ಅಪ್ಪನ ಅಂಗಿ ಸಾರಾಯಿ ವಾಸನೆ ಹೊಡೆಯುತ್ತಿತ್ತು. ಅದನ್ನು ಎಲ್ಲರೂ ಮೂಸಿದ್ದರು, ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ.

ನಮ್ಮ ಸಭೆಗೆ ಸೇರುವವರು ಸಾರಾಯಿ ಮುಟ್ಟುವುದಿಲ್ಲವೆಂದು ದೇವರ ಮುಂದೆ ಮಾತು ಕೊಟ್ಟಿರುತ್ತಾರೆ. ಕುಡಿದು ಸತ್ತವರ ಪೆಟ್ಟಿಗೆಯನ್ನು ಒಳಗೆ ತರಬಾರದೆಂಬ ಹಳೆಯ ನಿಯಮವೊಂದು ಯಾವುದೋ ಕಾಗದದಲ್ಲಿ ಇತ್ತಂತೆ. ಅದನ್ನು ಹುಡುಕಿ ತೆಗೆದವನೂ ಚಂದ್ರಾಮನೇ. ನಿಯಮ ಎಲ್ಲರಿಗೂ ಒಂದೇ, ನಮ್ಮವನೆಂದು ಬಿಡಲಾಗದು ಎಂದು ಕಣ್ಣೊರೆಸಿಕೊಂಡು ಹೇಳಿದ. ಆಗಿನ ಪಾದ್ರಿಗಳು ತಲೆಯಾಡಿಸಿದರು. ಒಳಗೆ ತೆಲುಗಿನವರ ಆರಾಧನೆ ಮುಗಿಯುವವರೆಗೆ ಒಂದು ತಾಸು ಅಪ್ಪ ಗೇಟಿನ ಹೊರಗೆ ಮೇ ತಿಂಗಳ ಬಿಸಿಲಲ್ಲಿ ಮಲಗಿದ್ದ. ಆಮೇಲೆ ಪಾದ್ರಿಗಳು ಅಲ್ಲಿಗೇ ಬಂದು ಐದು ನಿಮಿಷ ಪ್ರಾರ್ಥನೆ ಮಾಡಿ ಕೈ ತೊಳೆದುಕೊಂಡರು. ನನಗೆ ಆಗ ಹದಿನಾಲ್ಕು ವರ್ಷ. ಅವತ್ತು ಗೇಟಿನೊಳಗೆ ನೆರಳಿನಲ್ಲಿ ನಿಂತು ನೋಡುತ್ತಿದ್ದವರ ಮುಖಗಳು ಒಂದೂ ಬಿಡದೆ ನನಗೆ ನೆನಪಿವೆ. ಮರೆಯುವ ಇಚ್ಛೆಯೂ ಇಲ್ಲ.

ಅಪ್ಪನ ಮೈ ತೊಳೆದವಳು ಅವ್ವ. ವಾಸನೆ ಬರೀ ಅಂಗಿಯಲ್ಲಿ ಇರಲಿಲ್ಲ, ಬಾಯಿಯಲ್ಲೂ ಇತ್ತು ಎಂದು ಅವಳು ನನಗೆ ಹೇಳಿದ್ದು ನಾಲ್ಕು ವರ್ಷಗಳ ನಂತರ. ಮದುವೆಯಾದಾಗಿನಿಂದ ಒಂದು ದಿನವೂ ಕುಡಿಯದಿದ್ದ ಗಂಡ ಸಾಯುವ ದಿನ ಕುಡಿದಿದ್ದನೇ, ಇಲ್ಲವೇ? ಅವಳಿಗೆ ಗೊತ್ತಿರಲಿಲ್ಲ. ಚಂದ್ರಾಮನ ಮೇಲೆ ಎಷ್ಟು ಸಿಟ್ಟಿತ್ತೋ ಅಪ್ಪನ ಮೇಲೂ ಅಷ್ಟೇ ಸಿಟ್ಟಿತ್ತು. ಈಸ್ಟರ್ ಬೆಳಗ್ಗೆ ಎಲ್ಲರೂ ತಮ್ಮವರ ಸಮಾಧಿಗೆ ಹೂವಿಡಲು ಹೋದರೆ ಅವ್ವ ಹೋಗುತ್ತಿರಲಿಲ್ಲ. ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. ತಾಯಪ್ಪ ಅವತ್ತು ಕುಡಿದಿದ್ದನೋ ಇಲ್ಲವೋ ಎಂಬುದು ಚಂದ್ರಾಮನ ಬಾಯಿಂದ, ಸಭೆಯ ಎದುರು ಬರಬೇಕಾಗಿತ್ತು. ಎಷ್ಟು ಸಲ ಕೇಳಿದರೂ ಅವನು, ಸತ್ತವರ ಸುದ್ದಿ ಬೇಡವ್ವ, ದೇವರು ನೋಡಿಕೊಳ್ಳುತ್ತಾನೆ ಎಂದು ಜಾರಿಕೊಳ್ಳುತ್ತಿದ್ದ.

ಅಪ್ಪ ಹೋದ ಮೇಲೆ ಅವ್ವ ಹಿಮಾಯತ್‌ನಗರದ ಒಂದು ಆಸ್ಪತ್ರೆಯಲ್ಲಿ ಆಯಾ ಆದಳು. ನಾವು ಅದರ ಹಿಂದಿನ ಗಲ್ಲಿಯಲ್ಲೇ ಒಂದು ಕೋಣೆ ಹಿಡಿದೆವು. ಲಕ್ವ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಕೋಣೆಯೊಂದು ಆ ಆಸ್ಪತ್ರೆಯಲ್ಲಿ ಇತ್ತು. ನೆಲ ಒರೆಸುವುದು, ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ತರುವುದು, ಅವರ ಜೊಲ್ಲು ಒರೆಸುವುದು ಅವ್ವನ ಕೆಲಸ. ಒರೆಸುತ್ತಲೇ ಎಲ್ಲ ಕಲಿತಳು. ತುಟಿಗೆ ಬೆಲ್ಲ ಹಚ್ಚಿ ನಾಲಿಗೆಯಿಂದ ನೆಕ್ಕಿಸುವುದು, ಉರಿಯುವ ಮೇಣದಬತ್ತಿ ಊದಿಸುವುದು, ಕನ್ನಡಿ ಮುಂದೆ ಕೂರಿಸಿ ದವಡೆ ಹಿಡಿದು ಅಕ್ಷರ ಹೊರಡಿಸುವುದು, ಎಲ್ಲ. ಮಾತು ಕಲಿಸುವ ಮೇಡಂಗೆ ಬೇಸರ ಬಂದಾಗಲೂ ಅವ್ವನಿಗೆ ಬರುತ್ತಿರಲಿಲ್ಲ. ಆಸ್ಪತ್ರೆಗೆ ಬರುವ ಶಕ್ತಿಯಿಲ್ಲದ ಬಡವರ ಮನೆಗಳಿಗೆ ಕೆಲಸ ಮುಗಿದ ಮೇಲೆ ತಾನೇ ಹೋಗತೊಡಗಿದಳು. ತೆಲುಗಿನವರು, ಉರ್ದುವಿನವರು, ನಮ್ಮವರು ಎಂಬ ಭೇದ ಇರಲಿಲ್ಲ. ಅವಳ ಹರಕು ಉರ್ದುವಿನಲ್ಲಿ ಕಲಿತ ಹಣ್ಣಿನ ಬಂಡಿಯ ಮುದುಕನೊಬ್ಬ ಈಗ ನಮ್ಮ ಯಾದಗಿರಿ ರಾಗದಲ್ಲಿ ಉರ್ದು ಮಾತಾಡುತ್ತಾನೆ. ಯಾರಿಂದಲೂ ಒಂದು ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಯಾರಾದರೂ ಮೊದಲ ಮಾತು ಆಡಿದ ದಿನ ಅವ್ವನನ್ನು ನೋಡಬೇಕಿತ್ತು. ಬರುವಾಗಲೇ ಮೀನು ತಂದು, ಹುರಿದು, ನನ್ನ ತಟ್ಟೆಗೆ ಹಾಕಿ, ಆ ಮನುಷ್ಯ ಹೇಗೆ ಬಾಯಿ ತೆಗೆದ, ಹೇಗೆ ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು ಎಂದು ಎರಡೆರಡು ಸಲ ಹೇಳುತ್ತಿದ್ದಳು. ನಾನು ಶಂಶಾಬಾದಿನ ಏರ್‌ಪೋರ್ಟಿನಲ್ಲಿ ವ್ಹೀಲ್‌ಚೇರ್ ತಳ್ಳುವ ಕೆಲಸದಲ್ಲಿದ್ದೇನೆ. ನಾನೂ ದಿನವಿಡೀ ಜನರ ಸೇವೆಯನ್ನೇ ಮಾಡುತ್ತೇನೆ, ನಗುವುದು ಕೂಡ ಸಂಬಳದಲ್ಲೇ ಸೇರಿದೆ. ನನಗೆ ಒಂದು ದಿನವೂ ಹಾಗೆ ಖುಷಿಯಾದದ್ದಿಲ್ಲ. ಅವಳ ಖುಷಿ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಚಂದ್ರಾಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಪೂರ್ತಿ ನಿಂತಿತು. ಸುದ್ದಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಅವನ ಹೆಂಡತಿ ಸೂಗಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಹತ್ತು ವರ್ಷಕ್ಕೂ ಮೇಲೆ ನಮ್ಮನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದವಳು ಅವ್ವನ ಕಾಲು ಹಿಡಿಯಲು ಬಗ್ಗಿದಳು. ಅವ್ವ ಕೇಳಿದ್ದು ಒಂದೇ ಪ್ರಶ್ನೆ. ಮಾತು ಮರಳಿ ಬರಬಹುದೆಂದು ಡಾಕ್ಟರು ಹೇಳಿದ್ದಾರೆಯೇ ಎಂದಳು. ಹೇಳಿದ್ದಾರೆ ಎಂದಳು ಸೂಗಮ್ಮ. ಹಾಗಾದರೆ ನಾಳೆಯಿಂದ ಬರುತ್ತೇನೆ ಎಂದುಬಿಟ್ಟಳು ಅವ್ವ.

ಸೂಗಮ್ಮ ಹೋದ ಮೇಲೆ ನಾನು ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಕೊಳೆತು ಸಾಯಲಿ ಬಿಡು, ಅವನ ಜೊಲ್ಲು ಒರೆಸಲು ನಿನಗೆ ನಾಚಿಕೆ ಆಗುವುದಿಲ್ಲವೇ ಎಂದೆ. ಅವ್ವ ಸಮಾಧಾನದಿಂದ ಕೇಳಿಸಿಕೊಂಡಳು.

“ಅಂವ ಮೂಕ ಆಗಿ ಸತ್ರ ನನಗ ಯಾರು ಹೇಳ್ತಾರ ಸಪ್ನಿ? ಆ ನಾಲಿಗಿ ನನಗ ಬೇಕು. ಅದನ್ನ ನಾನ ತಿರುವಿಸ್ತೀನಿ, ನಾನ ಆಡಿಸ್ತೀನಿ.”

ಆಗ ನನಗೆ ಅರ್ಥವಾಯಿತು. ಅವತ್ತಿನಿಂದ ಅವಳನ್ನು ತಡೆಯಲಿಲ್ಲ. ಸಂಜೆ ಮೆಟ್ರೊ ಹತ್ತಿ ಮಿಯಾಪುರದ ಕೊನೆಯ ನಿಲ್ದಾಣದಲ್ಲಿ ಇಳಿದು ಅವನ ಮನೆಗೆ ನಡೆದು ಹೋಗುತ್ತಿದ್ದಳು. ಆ ಮನೆಯಲ್ಲಿ ಮಾತ್ರ ಚಹಾ ಕುಡಿಯಲಿಲ್ಲ, ಕುಡಿಯುವ ನೀರನ್ನೂ ಬಾಟಲಿಯಲ್ಲಿ ಒಯ್ಯುತ್ತಿದ್ದಳು. ಒಂದು ರಜೆಯ ದಿನ ನಾನೂ ಹಿಂದೆ ಹೋದೆ. ಚಂದ್ರಾಮ ಹಾಸಿಗೆಯ ಮೇಲೆ ದಿಂಬಿಗೊರಗಿ ಕುಳಿತಿದ್ದ, ಬಾಯಿ ಒಂದು ಕಡೆ ಎಳೆದಿತ್ತು. ಅವ್ವ ಅವನ ದವಡೆಯನ್ನು ಎರಡು ಬೆರಳಲ್ಲಿ ಹಿಡಿದು, ಕನ್ನಡಿ ಎದುರಿಗಿಟ್ಟು, ನನ್ನ ಅಪ್ಪನ ಹೆಸರು ಹೇಳಿಸುತ್ತಿದ್ದಳು. ಮೊದಲು ತಾ, ಆಮೇಲೆ ಯ, ಆಮೇಲೆ ಪ್ಪ. ನಲವತ್ತು ಸಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಬಾಗಿಲಿಗೆ ಒರಗಿ ನಿಂತು ಮನಸ್ಸು ತುಂಬಾ ನೋಡಿದೆ.

ಉಳಿದ ರೋಗಿಗಳಿಗೆ ಅವ್ವ ಅವರಿಗೆ ಬೇಕಾದ ಮಾತಿನಿಂದ ಶುರುಮಾಡುತ್ತಿದ್ದಳು. ಹೆಂಡತಿಯ ಹೆಸರು, ಮಗಳ ಹೆಸರು, ಚಹಾ, ಹೀಗೆ. ಇಲ್ಲಿ ತನಗೆ ಬೇಕಾದ ಮಾತಿನಿಂದ ಶುರುಮಾಡಿದ್ದಳು. ಸೂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕಾ, ಒಂದು ಸಲ ನನ್ನ ಹೆಸರು ಹೇಳಿಸಿ, ಸಾಕು ಎಂದು ದಿನವೂ ಬೇಡುತ್ತಿದ್ದಳು. ಗಂಡ ಅವಳನ್ನು ಸೂಗಿ ಎಂದು ಕರೆಯುತ್ತಿದ್ದನಂತೆ, ಎರಡೇ ಅಕ್ಷರ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನೆಯಲ್ಲಿ ಮೂರು ತಿಂಗಳು ನನ್ನ ಅಪ್ಪನ ಹೆಸರೊಂದೇ ಕೇಳುತ್ತಿತ್ತು.

ನಾಲ್ಕನೆಯ ತಿಂಗಳು ಒಂದು ಸಂಜೆ ನಾನು ಕೆಲಸದಿಂದ ಬಂದರೆ ಮನೆ ತುಂಬ ಮೀನು ಹುರಿದ ವಾಸನೆ. ಯಾರು ಮಾತಾಡಿದರು ಎಂದು ಕೇಳಿದೆ. ಅವ್ವ ಹಂಚಿನ ಕಡೆ ನೋಡುತ್ತಲೇ ಹೇಳಿದಳು. ಅವತ್ತು ಅವಳು ಹೋದಾಗ ಸೂಗಮ್ಮನೇ ಕನ್ನಡಿ ಹಿಡಿದು ಗಂಡನ ಮುಂದೆ ಕುಳಿತಿದ್ದಳಂತೆ. ಅವ್ವ ಮಾಡುವುದನ್ನು ಕದ್ದು ನೋಡಿ ಕಲಿತು, ತನ್ನ ಹೆಸರನ್ನು ತಾನೇ ಹೇಳಿಕೊಡುತ್ತಿದ್ದಳಂತೆ, ಅದೂ ತಪ್ಪು ತಪ್ಪಾಗಿ, ದವಡೆಯನ್ನು ತಪ್ಪು ಕಡೆ ಹಿಡಿದು. ಅವ್ವ ನೋಡಲಾರದೆ ಪಕ್ಕಕ್ಕೆ ಸರಿಸಿ, ಹಿಡಿಯುವುದು ಹೀಗೆ ಎಂದು ತೋರಿಸಿದಳು. ಅರ್ಧ ತಾಸಿನಲ್ಲಿ ಚಂದ್ರಾಮ ಸೂಗಿ ಎಂದ. ಸೂಗಮ್ಮ ನೆಲದ ಮೇಲೆ ಕುಳಿತುಬಿಟ್ಟಳಂತೆ. ಹೇಳುವಾಗ ಅವ್ವನ ಮುಖದ ಮೇಲೆ ಅದೇ ಹಳೆಯ ಖುಷಿಯಿತ್ತು.

ನಾನು ತಟ್ಟೆ ತಳ್ಳಿ ಎದ್ದೆ. ಅಪ್ಪನನ್ನು ಬಿಸಿಲಲ್ಲಿ ಮಲಗಿಸಿದವನಿಗೆ ಹೆಂಡತಿಯ ಹೆಸರು ಕೊಟ್ಟು ಬಂದು ಮೀನು ತಿನ್ನುತ್ತೀಯಾ ಎಂದು ಕೇಳಿದೆ. ಸೇಡು ತೀರಿಸಿಕೊಳ್ಳಲು ಹೋದವಳು ಯಾಕೆ ಹೋದೆ ಎಂಬುದನ್ನೇ ಮರೆತಿದ್ದೀಯ ಎಂದೆ. ಅವ್ವ ಮರೆತಿಲ್ಲ ಎಂದಳು. ಖುಷಿಯಾಯಿತು, ಏನು ಮಾಡಲಿ, ಅದು ಕೇಳಿಕೊಂಡು ಬರುವುದಿಲ್ಲ ಎಂದಳು.

ಮಾರನೆಯ ವಾರ ಅವಳು ಆ ವಾಕ್ಯ ಎತ್ತಿದಳು. ತಾಯಪ್ಪ ಕುಡಿದಿದ್ದಿಲ್ಲ. ನಿಜವೇನೆಂದು ತನಗೇ ಗೊತ್ತಿಲ್ಲದ ವಾಕ್ಯ. ಸುಳ್ಳಾಗಿದ್ದರೆ ಹೇಳಬೇಡಿ, ನಿಜವಾಗಿದ್ದರೆ ಹೇಳಿ ಎಂದು ಅವನಿಗೆ ತಿಳಿಸಿಯೇ ಶುರುಮಾಡಿದಳು. ಚಂದ್ರಾಮ ಅವಳನ್ನೇ ನೋಡಿ, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಹನ್ನೊಂದು ದಿನ ಅವನು ಬಾಯಿ ತೆಗೆಯಲಿಲ್ಲ, ಹೆಂಡತಿಯನ್ನೂ ಕರೆಯಲಿಲ್ಲ. ಹನ್ನೊಂದು ದಿನವೂ ಅವ್ವ ಹೋದಳು. ಮುಖ ತೊಳೆಸಿ, ಬಿದ್ದ ಕೈಗೆ ಎಣ್ಣೆ ತಿಕ್ಕಿ, ಹೇಳುತ್ತೀರಾ ಎಂದು ಒಮ್ಮೆ ಕೇಳಿ, ಉತ್ತರ ಬಾರದಿದ್ದರೆ ಎದ್ದು ಬರುತ್ತಿದ್ದಳು. ಹನ್ನೆರಡನೆಯ ದಿನ ಅವನೇ ಅವಳ ಕೈ ಹಿಡಿದು ತನ್ನ ದವಡೆಗೆ ತಂದಿಟ್ಟುಕೊಂಡ.

ಅಲ್ಲಿಂದ ಐದು ತಿಂಗಳು ಅದೊಂದೇ ವಾಕ್ಯ. ಕೊನೆಕೊನೆಗೆ ಸ್ವಲ್ಪ ತಡವರಿಸಿದರೂ ಪೂರ್ತಿ ಹೇಳುತ್ತಿದ್ದ. ರ ಎಂಬ ಅಕ್ಷರ ಮಾತ್ರ ಏನು ಮಾಡಿದರೂ ಬರಲಿಲ್ಲ, ಪುಣ್ಯಕ್ಕೆ ಆ ವಾಕ್ಯದಲ್ಲಿ ಅದು ಇರಲಿಲ್ಲ. ಮೊದಲ ಸಲ ಪೂರ್ತಿ ಹೇಳಿದ ದಿನ ಅವ್ವ ಮನೆಗೆ ಬಂದು ಸುಮ್ಮನೆ ಮಲಗಿದಳು. ಇನ್ನು ಸಾಕಲ್ಲ ಎಂದು ನಾನು ಕೇಳಿದರೆ, ಹೆದರಿ ಹೇಳಿದನೋ, ತನ್ನನ್ನು ಮೆಚ್ಚಿಸಲು ಹೇಳಿದನೋ ಯಾರಿಗೆ ಗೊತ್ತು, ಚರ್ಚಿನಲ್ಲಿ ಹೇಳಿದರೆ ನಂಬುತ್ತೇನೆ ಎಂದಳು. ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಕೃತಜ್ಞತೆಯ ಭಾನುವಾರ ಬರುತ್ತದೆ. ದೊಡ್ಡ ಜಡ್ಡಿನಿಂದ ಎದ್ದವರು ಅವತ್ತು ಮುಂದೆ ನಿಂತು ಸಾಕ್ಷಿ ಹೇಳಬೇಕು, ಅಂದರೆ ದೇವರು ತಮಗೆ ಏನು ಮಾಡಿದನೆಂದು ಎಲ್ಲರಿಗೂ ತಿಳಿಸಬೇಕು. ಅವರು ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಅಲ್ಲಿ ಸುಳ್ಳು ಹೇಳಲು ನಮ್ಮವರು ಕೋರ್ಟಿಗಿಂತ ಹೆದರುತ್ತಾರೆ. ಬರುತ್ತೀರಾ ಎಂದು ಅವ್ವ ಕೇಳಿದ್ದಕ್ಕೆ ಚಂದ್ರಾಮ ತಲೆಯಾಡಿಸಿದ.

ಆ ಭಾನುವಾರ ನಾನು ರಜೆ ಹಾಕಿ ಎರಡನೆಯ ಬೆಂಚಿನಲ್ಲಿ ಕುಳಿತೆ. ಅವ್ವ ನನ್ನ ಪಕ್ಕದಲ್ಲಿದ್ದಳು. ಚಂದ್ರಾಮನನ್ನು ಇಬ್ಬರು ಹಿಡಿದುಕೊಂಡು ಮುಂದೆ ತಂದು, ಕೋಲು ಕೊಟ್ಟು ನಿಲ್ಲಿಸಿದರು. ಅವನು ಬಾಯಿ ತೆರೆದು ತಾ ಎಂದ. ಮತ್ತೆ ತಾ ಎಂದ. ಅಷ್ಟಕ್ಕೇ ನಿಂತಿತು. ನೂರೈವತ್ತು ಜನರ ಮುಂದೆ ನಾಲಿಗೆ ಹೊರಳಲಿಲ್ಲ. ಜೊಲ್ಲು ಇಳಿದು ಅಂಗಿ ಒದ್ದೆಯಾಯಿತು. ತಂದೆಯೇ ಎಂದು ದೇವರನ್ನು ಕರೆಯುತ್ತಿದ್ದಾನೆಂದು ತಿಳಿದು ಹಿಂದಿನವರು ಮೆಲ್ಲಗೆ ಸ್ತೋತ್ರ ಹೇಳಿದರು. ಮುಂದಿನ ಬೆಂಚಿನ ಹುಡುಗಿಯರಿಬ್ಬರು ನಗು ತಡೆದುಕೊಳ್ಳಲು ತಲೆ ಬಗ್ಗಿಸಿದರು. ನಿಲ್ಲಲಿ ಎಂದುಕೊಂಡೆ. ಒಂದು ತಾಸು ನಿಲ್ಲಲಿ. ಒಂದು ತಾಸು ಅಂದರೆ ಎಷ್ಟೆಂದು ಅವನಿಗೂ ತಿಳಿಯಲಿ.

ಅವ್ವ ಎದ್ದಳು. ನಾನು ಸೆರಗು ಹಿಡಿದೆ, ಬಿಡಿಸಿಕೊಂಡು ಹೋದಳು. ಅವನ ದವಡೆಯನ್ನು ಎರಡು ಬೆರಳಲ್ಲಿ ಹಿಡಿದು, ಹತ್ತಿರದವರಿಗಷ್ಟೇ ಕೇಳುವಂತೆ ಹೇಳಿದಳು.

“ಅದು ಬ್ಯಾಡ್ರಿ ಮೇಸ್ತ್ರಿಯವ್ರ. ದೇವರ ಹೆಸರು ಹೇಳ್ರಿ, ಸಾಕು. ಹೇಳಿ ಕೂಡ್ರಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ತಿಂಗಳು ಅವನ ಜೊಲ್ಲು ಒರೆಸಿದ್ದು ಈ ಒಂದು ವಾಕ್ಯಕ್ಕೆ. ಅದನ್ನು ಬಿಟ್ಟುಕೊಟ್ಟು, ಅವನು ಮರ್ಯಾದೆಯಿಂದ ಕುಳಿತುಕೊಳ್ಳಲೆಂದು ಸುಲಭದ ಮಾತು ಕೊಡುತ್ತಿದ್ದಾಳೆ. ನಾನೇ ಎದ್ದು ಕೂಗಬೇಕೆಂದು ಬೆಂಚು ಹಿಡಿದೆ. ಅಷ್ಟರಲ್ಲಿ ಚಂದ್ರಾಮ ಎಡಗೈಯ ಕೋಲು ಬಿಟ್ಟು, ಅವ್ವನ ಕೈಯನ್ನು ದವಡೆಯಿಂದ ಸರಿಸಿದ. ಬೀಳುವಂತೆ ಓಲಾಡಿದವನನ್ನು ಅವ್ವ ತೋಳು ಹಿಡಿದು ನಿಲ್ಲಿಸಿದಳು.

“ತಾಯಪ್ಪ ಕುಡಿದಿದ್ದಿಲ್ಲ” ಎಂದ.

ಕಲಿಸಿದ್ದು ಅಷ್ಟೇ. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದೊಂದೇ ಮಾತನ್ನು ಎಳೆದು ತೆಗೆದು, ಇಲ್ಲದ ಮಾತಿಗೆ ಕೈಸನ್ನೆ ಮಾಡಿ, ಯಾರೂ ಕಲಿಸದ್ದನ್ನು ಹೇಳಿದ. ಬಿದ್ದ ಮೇಲೆ ತಾಯಪ್ಪನಿಗೆ ಜೀವ ಇತ್ತು. ಅವನು ನೀರು ಕೇಳಿದ. ನೀರು ಎನ್ನಲು ಚಂದ್ರಾಮನಿಗೆ ಬರಲಿಲ್ಲ, ನೀ ಎಂದು ಹೆಬ್ಬೆರಳನ್ನು ಬಾಯಿಗೆ ತೋರಿಸಿದ. ಆಮೇಲೆ ಹೇಳಿದ ಮಾತು ಎಲ್ಲರಿಗೂ ತಿಳಿಯುವಂತಿತ್ತು.

“ನಾ ಬಾಟ್ಲಿ ಹಿಡದೆ.”

ನೀರು ಕೇಳಿದವನ ಬಾಯಿಗೆ ಸಾರಾಯಿ ಹೊಯ್ದಿದ್ದ. ಉಳಿದದ್ದನ್ನು ಅಂಗಿಯ ಮೇಲೆ ಸುರಿದಿದ್ದ. ಬೆಲ್ಟ್ ಕೊಡದ, ಲಡ್ಡು ಹಲಗೆ ಹಾಕಿಸಿದ ತಪ್ಪು ತನ್ನ ತಲೆಗೆ ಬರಬಾ­ರದೆಂದು, ಸಾಯುತ್ತಿದ್ದ ನನ್ನ ಅಪ್ಪನಿಗೆ ಅದನ್ನೇ ಕುಡಿಸಿದ್ದ. ಯಾರೋ ಹೆಂಗಸು ಜೋರಾಗಿ ಅತ್ತಳು. ಪಾದ್ರಿಗಳು ಮುಂದೆ ಬರಲು ನೋಡಿದರು. ಅವ್ವ ಕೈಯೆತ್ತಿ ಅವರನ್ನು ತಡೆದು, ಚಂದ್ರಾಮನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಪಾಠ ಹೇಳುವಾಗಿನ ದನಿಯೇ ಇತ್ತು.

“ಹಿಂದಿನವ್ರಿಗೆ ಕೇಳಿಲ್ಲ. ಇನ್ನೊಮ್ಮೆ ಹೇಳ್ರಿ.”

ಅವನು ಇನ್ನೊಮ್ಮೆ ಹೇಳಿದ. ಅವ್ವ ಮತ್ತೊಮ್ಮೆ ಎಂದಳು. ಮೂರನೆಯ ಸಲ ಅವನು ಹೇಳಿ ಮುಗಿಸಿದಾಗ, ಅಪ್ಪ ಬಿಸಿಲಲ್ಲಿದ್ದಾಗ ಗೇಟಿನೊಳಗೆ ನೆರಳಿನಲ್ಲಿ ನಿಂತಿದ್ದ ಮುಖಗಳಲ್ಲಿ ಒಂದೂ ಮೇಲೆ ಎದ್ದಿರಲಿಲ್ಲ. ನಾನು ಒಂದೊಂದನ್ನೇ ನೋಡಿದೆ. ಆ ಮೂರು ಸಲವೂ ನನಗೆ ಸಿಹಿಯಾಗಿತ್ತು. ಆಮೇಲೆ ನಾನು ಓಡಿಹೋಗಿ ಅವ್ವನನ್ನು ಹಿಡಿದುಕೊಂಡೆ.

ಮುಂದಿನ ಭಾನುವಾರ ಇಡೀ ಸಭೆ ಅಪ್ಪನ ಸಮಾಧಿಗೆ ಬಂದು ಹಾಡು, ಪ್ರಾರ್ಥನೆ ಎಲ್ಲ ಪೂರ್ತಿ ಮಾಡಿತು. ಹಿರಿಯರು ಕ್ಷಮೆ ಕೇಳಿದರು. ಹೆಂಗಸರು ಅವ್ವನನ್ನು ತಬ್ಬಿಕೊಂಡು, ಎಂಥ ಸೇವೆ, ಎಂಥ ಕ್ಷಮೆ ಎಂದರು. ಅವ್ವ ಕ್ಷಮಿಸಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ನಾನು ವಕೀಲರೊಬ್ಬರನ್ನು ಕೇಳಿ ಬಂದೆ. ಹನ್ನೆರಡು ವರ್ಷ ಹಳೆಯದು, ಕಷ್ಟ, ಆದರೂ ಪೊಲೀಸರಿಗೆ ಅರ್ಜಿ ಕೊಡಬಹುದು ಎಂದರು. ಅರ್ಜಿ ಬರೆದಿಟ್ಟಿದ್ದೇನೆ. ಕೊಡುವುದಿಲ್ಲವೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಅವ್ವ ಚಂದ್ರಾಮನ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಉಳಿದ ಮನೆಗಳಿಗೆ ಹೋಗುತ್ತಿದ್ದಳು, ಆಮೇಲೆ ಅಪ್ಪನ ಸಮಾಧಿಗೆ ಹೋಗಿ ಕುಳಿತು ಬರುತ್ತಿದ್ದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಸಿಟ್ಟು ಮಾಡಿದ್ದಕ್ಕೆ ಗಂಡನ ಹತ್ತಿರ ಏನು ಹೇಳಿಕೊಂಡಳೋ ನಾನು ಕೇಳಲಿಲ್ಲ. ಸದ್ಯ, ಸೇಡು ಮುಗಿಯಿತು, ಇನ್ನು ಆ ಬಾಯಿ ಮತ್ತೆ ಮುಚ್ಚಿಹೋಗಲಿ ಎಂದು ನಾನು ಸಮಾಧಾನದಲ್ಲಿದ್ದೆ. ಹತ್ತೊಂಬತ್ತನೆಯ ದಿನ ಸೂಗಮ್ಮ ಫೋನ್ ಮಾಡಿದಳು. ಚಂದ್ರಾಮನ ಮಾತು ಮತ್ತೆ ಹಿಂದಕ್ಕೆ ಹೋಗುತ್ತಿದೆ, ನಿನ್ನೆ ಸೂಗಿ ಎಂಬ ಹೆಸರೂ ಬರಲಿಲ್ಲ ಎಂದಳು. ಬನ್ನಿ ಎಂದು ಕೇಳುವ ಮುಖ ನನಗಿಲ್ಲ, ತಿಳಿಸಿದೆ ಅಷ್ಟೇ ಎಂದಳು.

ಅವ್ವ ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ನನ್ನ ಕೈಲೆ ಆಗಂಗಿಲ್ಲ ಸಪ್ನಿ. ಅವನ ಮಾರಿ ನೋಡಿದ್ರ ನಿಮ್ಮಪ್ಪ ನೀರು ಕೇಳಿದ್ದ ಕೇಳಸ್ತೈತಿ. ಆದ್ರ ಕಲಿತ ಮಾತು ನಡಕ ಬಿಟ್ರ ಹೋಗಿಬಿಡ್ತಾವ. ನೀ ಹೋಗು.”

ನಾನು ನಕ್ಕೆ. ನನ್ನ ಸಿಟ್ಟು ನಿನಗೆ ಗೊತ್ತಿಲ್ಲವೇ ಎಂದೆ.

“ಗೊತ್ತೈತಿ. ಸಿಟ್ಟಿಲೇ ಹೋಗು. ನಾನೂ ಸಿಟ್ಟಿಲೇ ಹೋಗಿದ್ನಲ್ಲ.”

ಇವಳಿಗೆ ಎದುರಾಡಿ ಗೆದ್ದವರಿಲ್ಲ. ಅವಳಿಗಾಗಿ ಒಂದು ವಾರ ಎಂದುಕೊಂಡು ಹೋದೆ. ಈಗ ಮೂರು ತಿಂಗಳಾಗಿದೆ. ನನಗೆ ಅವ್ವನ ತಾಳ್ಮೆಯಿಲ್ಲ, ದವಡೆಯನ್ನು ಗಟ್ಟಿಯಾಗಿ ಹಿಡಿಯುತ್ತೇನೆ, ತಪ್ಪಿದರೆ ಗದರುತ್ತೇನೆ. ದಿನವೂ ಮೊದಲು ನನ್ನ ಅಪ್ಪನ ಹೆಸರು ಹೇಳಿಸುತ್ತೇನೆ. ಅವನು ಒಂದು ದಿನವೂ ಮುಖ ತಿರುಗಿಸಿಲ್ಲ. ಬಾರದ ರ ಅಕ್ಷರಕ್ಕೆ ನಾಲಿಗೆಯ ತುದಿ ಮೇಲಕ್ಕೆತ್ತಿಸಿ ಎತ್ತಿಸಿ ನನಗೂ ಅವನಿಗೂ ಸಾಕಾಗಿದೆ.

ಹೋದ ಗುರುವಾರ ಸೂಗಮ್ಮ ಅಂಗಡಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಪಾಠದ ನಡುವೆ ಚಂದ್ರಾಮ ಒಣಗಿದ ತುಟಿ ಸವರಿಕೊಂಡು ನನ್ನನ್ನು ನೋಡಿದ. ಕೇಳಲು ಹೆದರುತ್ತಿದ್ದಾನೆಂದು ಗೊತ್ತಾಯಿತು. ಅವನೇ ಕೇಳಲಿ ಎಂದು ಕಾದೆ. ಕೊನೆಗೆ, “ನೀರು” ಎಂದ.

ರ ಸ್ಪಷ್ಟವಾಗಿ ಬಂದಿತ್ತು. ಅವ್ವನಿಂದಲೂ ಆಗದ್ದು ನನ್ನಿಂದ ಆಗಿತ್ತು. ನನಗೆ ಎಂಥ ಖುಷಿಯಾಯಿತೆಂದರೆ, ಅಂಥ ಖುಷಿ ನನ್ನ ಜೀವನದಲ್ಲಿ ಆದದ್ದಿಲ್ಲ. ಈ ಮನುಷ್ಯನಿಂದ ಅದು ಬಂತಲ್ಲ ಎಂದು ಹಲ್ಲು ಕಡಿಯುವಷ್ಟು ಸಿಟ್ಟೂ ಬಂತು. ಎದ್ದು ಹೋಗಿ ಲೋಟದಲ್ಲಿ ನೀರು ತಂದು ಅವನ ಎದುರು ಹಿಡಿದುಕೊಂಡು ನಿಂತೆ. ಇನ್ನೊಮ್ಮೆ ಹೇಳು ಎಂದೆ. ಹೇಳಿದ. ಮತ್ತೊಮ್ಮೆ ಎಂದೆ. ಮೂರು ಸಲ ಹೇಳಿಸಿ, ತಲೆಯ ಹಿಂದೆ ಕೈಕೊಟ್ಟು, ಕುಡಿಸಿದೆ.